ಬಾಗಿಲು ಮುಚ್ಚಿದ್ದಷ್ಟು ಹೊತ್ತು

…ಅಥವಾ ಆ ದಿನ ಮಳೆಯೇ ಬಂದಿರಲಿಲ್ಲವೇನೋ. ನನ್ನ ನೆನಪಿನಲ್ಲಿ ಮಳೆಯಿದೆ. ಜಗಲಿಯ ಮೇಲೆ ಕೂತಿದ್ದೇನೆ, ಪಕ್ಕದಲ್ಲಿ ಮುಚ್ಚಿದ ಬಾಗಿಲು, ಹಂಚಿನ ಅಂಚಿನಿಂದ ನೀರು ಇಳಿಯುತ್ತಿದೆ. ಆದರೆ ಆ ಮನೆಗೆ ಹಂಚಿರಲಿಲ್ಲ, ತಾರಸಿ ಇತ್ತು. ಹಂಚು ಇದ್ದದ್ದು ನಾವು ಸಿನಿಮಾಕ್ಕೆ ಬಾಡಿಗೆ ಹಿಡಿದಿದ್ದ ಮನೆಗೆ, ಅಲ್ಲಿನ ಮಳೆ ಟ್ಯಾಂಕರಿನದು. ಎರಡು ಮನೆ, ಎರಡು ಬಾಗಿಲು, ಒಂದು ನಿಜದ್ದು, ಒಂದು ನಟನೆಯದು. ಯಾವಾಗಲೋ ನನ್ನೊಳಗೆ ಎರಡೂ ಬೆರೆತುಹೋಗಿವೆ. ಬರೆಯುತ್ತ ಬಿಡಿಸಲು ನೋಡುತ್ತೇನೆ. ಬಿಡಿಸಲಾಗದ್ದನ್ನು ಹಾಗೇ ಬಿಡುತ್ತೇನೆ.

ಇದು ಮತ್ತೆ ತಲೆಯೆತ್ತಿದ್ದು ಒಂದು ವಾಸನೆಯಿಂದ. ಈ ಸಲದ ಮಾರ್ನಮಿ ಅಮಾವಾಸ್ಯೆಯ ಮಧ್ಯಾಹ್ನ ಮಂಡ್ಯದ ನಮ್ಮ ಬೀದಿಯಲ್ಲಿ ನಡೆದು ಬರುತ್ತಿದ್ದೆ. ಸಾಂಬ್ರಾಣಿ ಹೊಗೆ, ಮಟನ್ ಸಾರು, ಗಂಜಿ ಬಿಡದ ಹೊಸ ಪಂಚೆ, ಈ ಮೂರೂ ಸೇರಿದ ವಾಸನೆ ವರ್ಷದಲ್ಲಿ ಆ ದಿನಗಳಲ್ಲಿ ಮಾತ್ರ ಬರುತ್ತದೆ. ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತ ಹಿರಿಯರಿಗೆ ನಡುಮನೆಯಲ್ಲಿ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನಿಷ್ಟವೋ ಅದೆಲ್ಲ ಎಲೆಯ ಮೇಲೆ ಬರುತ್ತದೆ: ಮುದ್ದೆ, ಸಾರು, ಕಜ್ಜಾಯ, ತಾತನ ಬೀಡಿಕಟ್ಟು, ಅವನ ಕ್ವಾರ್ಟರ್ ಬಾಟಲಿ. ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ದೊಡ್ಡವರು ಬಂದು ಉಂಡು ಹೋಗುವವರೆಗೆ ಯಾರೂ ತೆಗೆಯುವಂತಿಲ್ಲ, ಕಿಟಕಿಯಲ್ಲಿ ಇಣುಕುವಂತಿಲ್ಲ. ಅದು ಎಷ್ಟು ಹೊತ್ತು ಎಂಬುದನ್ನು ಮನೆಯ ಹಿರಿಯ ಹೆಂಗಸು ತೀರ್ಮಾನ ಮಾಡುತ್ತಾಳೆ.

ಕೆಲವು ವರ್ಷಗಳ ಹಿಂದೆ ಇದೇ ಕಾಲದಲ್ಲಿ ಮಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಗಾಯಕಿ ನಿಂಗಾಜಮ್ಮನ ಬದುಕಿನ ಸಿನಿಮಾ ತೆಗೆದೆವು. ಹೆಣ್ಣುಮಕ್ಕಳ ಜೊತೆ ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತ ಬೆಳೆದವರು ಅವರು. ಆಮೇಲೆ ಗಣಪತಿ ಪೆಂಡಾಲುಗಳಲ್ಲಿ ರಸಮಂಜರಿಗೆ ಹಾಡಿದರು. ಗಂಡ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮೈಕೂ ಅವನದು, ಮೈಕಿನ ಮುಂದೆ ನಿಲ್ಲುವವಳೂ ಅವನವಳು. ಎಲ್ಲಿ ಹಾಡಬೇಕು, ಎಷ್ಟು ಹಾಡಬೇಕು, ಜ್ವರ ಬಂದರೆ ಹಾಡಬೇಕೋ ಬೇಡವೋ, ಎಲ್ಲ ಅವನ ಬಾಯಲ್ಲಿತ್ತು.

"ಸ್ಟೇಜಿಗೆ ಕಾಣೋ ಜಾಗುಕ್ಕೆ ಒಡೀತಿರ್ಲಿಲ್ಲ ಕಣವ್ವ," ಎಂದು ಮೊದಲ ಭೇಟಿಯಲ್ಲೇ ನಿಂಗಾಜಮ್ಮ ನನಗೆ ಹೇಳಿದ್ದರು. "ಬೆನ್ನು, ತೊಡೆ, ಅಂತಾ ಕಡೆ. ಒಂದ್ಸತಿ ಗಂಟ್ಲು ಇಸುಕ್ಬುಟ್ಟ. ಆಮೇಕೆ ಅವ್ನೇ ಬೆದ್ರುಕೊಂಡು ಬಿಸ್ನೀರು ಕಾಯ್ಸ್ಕೊಟ್ಟ. ವಾರುಕ್ಕೆ ಪೋಗ್ರಾಮಿತ್ತಲ್ಲ."

ಹೀಗೆ ಹೇಳಿ ನಕ್ಕರು. ನಾನು ನಗಲಿಲ್ಲ. ನಗಬೇಕಿತ್ತೇನೋ.

ನನ್ನ ಕೆಲಸ ಸಂಭಾಷಣೆ ಬರೆಯುವುದು. ನಿರ್ದೇಶಕ ಕಿರಣ್ ಬೆಂಗಳೂರಿನವನು. ನಮ್ಮ ಕಡೆಯ ಮಾತು ನಮ್ಮ ಕಡೆಯವರ ಬಾಯಲ್ಲಿ ಕೇಳಿಸಬೇಕು ಅಂತ ಮಂಡ್ಯದವಳಾದ ನನ್ನನ್ನು ಹಿಡಿದಿದ್ದ. ಬೆಳಿಗ್ಗೆ ಗೆಜ್ಜಲಗೆರೆ ಫ್ಯಾಕ್ಟರಿಗೆ ಹೋಗುವವರ ನಡುವೆ ಬಸ್ಸಿನಲ್ಲಿ ನಿಂತುಕೊಂಡು ಮದ್ದೂರಿಗೆ ಹೋಗುತ್ತಿದ್ದೆ. ಅಲ್ಲಿಂದ ಯೂನಿಟ್ಟಿನ ವ್ಯಾನು ದೊಡ್ಡಿ ಎಂಬ ಊರು ದಾಟಿ ಮಳವಳ್ಳಿ ಕಡೆಗೆ ಹೋಗುತ್ತಿತ್ತು. ಕಬ್ಬು ವ್ಯಾನಿನ ಕಿಟಕಿಗಿಂತ ಎತ್ತರ ಬೆಳೆದು ನಿಂತಿತ್ತು. ಗಾಳಿಯೇ ಇರಲಿಲ್ಲ. ಮೋಡ ದಿನವೂ ಕಟ್ಟುತ್ತಿತ್ತು, ದಿನವೂ ಬಿಚ್ಚಿಕೊಳ್ಳುತ್ತಿತ್ತು. ಮೈಗೆ ಬಟ್ಟೆ ಅಂಟಿಕೊಂಡು ಎಲ್ಲರೂ ಎಲ್ಲರ ಮೇಲೂ ರೇಗುತ್ತಿದ್ದರು.

ಎಲ್ಲ ಸಿಕ್ಕಿತ್ತು, ಒಂದನ್ನು ಬಿಟ್ಟು. ನಿಂಗಾಜಮ್ಮ ಆ ಮನೆಯಿಂದ ಹೊರಗೆ ಬಂದದ್ದು ಹೇಗೆ? ಒಮ್ಮೆ, ಅಣ್ಣ ಬಂದು ಕರೆದುಕೊಂಡು ಹೋದ ಅಂದರು. ಅವರಿಗೆ ಅಣ್ಣನಿಲ್ಲ ಅಂತ ಆಮೇಲೆ ಗೊತ್ತಾಯಿತು. ಇನ್ನೊಮ್ಮೆ, ಕಬ್ಬಿನ ಲಾರಿ ಹತ್ತಿದೆ ಅಂದರು. ಮತ್ತೊಮ್ಮೆ, ಪ್ರೋಗ್ರಾಮು ಮುಗಿಸಿ ಸ್ಟೇಜಿನ ಹಿಂದಿನಿಂದ ಇಳಿದು ನಡೆದುಬಿಟ್ಟೆ ಅಂದರು. ಕಿರಣ್ ತಲೆ ಚಚ್ಚಿಕೊಳ್ಳುತ್ತಿದ್ದ. "ಮೇಡಂ, ಇಡೀ ಸಿನಿಮಾ ಆ ಒಂದು ಸೀನ್ ಕಡೆಗೆ ಹೋಗ್ತಾ ಇದೆ. ಯಾವುದಾದ್ರೂ ಒಂದು ನಿಜ ಹಿಡ್ಕೊಡಿ."

ನನಗೇನೋ ಮೂರು ಕತೆಗಳೂ ಇಷ್ಟವಾಗಿದ್ದವು. ಒಂದೇ ಘಟನೆಯನ್ನು ಪ್ರತಿಸಲ ಒಂದೇ ಥರ ಹೇಳುವವರ ನೆನಪನ್ನು ನಾನು ನಂಬುವುದಿಲ್ಲ. ಅದು ಬಾಯಿಪಾಠ. ನಿಂಗಾಜಮ್ಮನದು ಮರೆವು, ಪ್ರಾಮಾಣಿಕವಾದ ಮರೆವು ಅಂದುಕೊಂಡೆ. ಮರೆವಾಗಿರಲಿಲ್ಲ.

ಗಂಡ ಸೆಟ್ಟಿಗೆ ಬಂದದ್ದು ಶುರುವಿನ ದಿನಗಳಲ್ಲೇ. ಅವನ ಹೆಸರು ಇಲ್ಲಿ ಬೇಡ. ಎರಡು ಊರಿನಾಚೆ ಅವನ ಮನೆ. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಗಲಾಟೆ ಮಾಡುತ್ತಾನೆಂದು ಎಲ್ಲರೂ ಎದ್ದು ನಿಂತರೆ, ಅವನು ತಾನೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ. ನಿಂಗಾಜಮ್ಮ ಅಂದು ಬಂದಿರಲಿಲ್ಲ. ಅದನ್ನು ತಿಳಿದುಕೊಂಡೇ ಬಂದಿದ್ದನೋ ಏನೋ.

"ನೀವೇ ಅಂತಲ್ಲ ಮೇಡಮ್ಮೋರೆ, ಮಾತ್ ಬರ್ಯೋರು? ನಂಗೇನ್ ಮಾತ್ ಬರ್ದಿದ್ದೀರಿ?"

ಕಡಿಮೆ ಮಾತು ಅಂದೆ.

"ಅದು ದಿಟ. ನಾನು ಮಾತಾಡೋದು ಕಮ್ಮಿಯೇಯ." ಕಾಲ ಮೇಲೆ ಕಾಲು ಹಾಕಿಕೊಂಡ. "ನನ್ನ ಕೆಟ್ಟೋನ್ ಮಾಡಿ, ಬ್ಯಾಡ ಅನ್ನಕಿಲ್ಲ. ಊರ್ಗೇ ಗೊತ್ತಿರೋದು. ನಂಗೆ ಒಂದೇ ಆಸೆ. ಅವ್ಳು ಎಂಗೋದ್ಲು ಅನ್ನೋದ ಪಿಚ್ಚರ್ನಾಗೆ ತೋರುಸ್ತೀರಲ್ಲ, ಅದ ನೋಡ್ಬೇಕು. ಇಷ್ಟ್ ವರ್ಸಾಯ್ತು. ಯಾರೋ ಬುಟ್ಟವ್ರೆ. ಒಬ್ಳೇ ಓಗೋ ದೈರ್ಯ ಅವ್ಳಿಗಿರ್ಲಿಲ್ಲ. ಯಾರು ಅಂತ ಗೊತ್ತಾದ್ರೆ ಸಾಕು ನಂಗೆ."

ಗೊತ್ತಾದರೆ ಏನು ಮಾಡುತ್ತೀರಿ ಅಂತ ನಾನು ಕೇಳಲಿಲ್ಲ. ಎದ್ದು ಹೋಗುವಾಗ ಪಂಚೆ ಕೊಡವಿಕೊಂಡು, "ಅಮಾಸೆಗೆ ಎಡೆ ಇಕ್ತೀವಿ, ಊಟುಕ್ ಬನ್ನಿ. ನಮ್ಮವ್ವನ್ನೂ ಮಾತಾಡ್ಸಿದಂಗಾಯ್ತದೆ," ಅಂದ. ಆಗಲಿ ಅಂದುಬಿಟ್ಟೆ. ಎಡೆಗೆ ಕರೆದರೆ ನಮ್ಮ ಕಡೆ ಆಗಲ್ಲ ಅನ್ನುವ ರೂಢಿಯಿಲ್ಲ.

ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇದ್ದಾಗ, ಊರೆಲ್ಲ ಎಡೆ ಇಡುವುದನ್ನು ನೋಡಿ ಕಿರಣ್‌ಗೆ ಆಸೆಯಾಯಿತು. ನಮ್ಮ ಬಾಡಿಗೆ ಮನೆಯಲ್ಲೂ ಅಂಥದ್ದೊಂದು ದೃಶ್ಯ ತೆಗೆಯೋಣ ಅಂದ. ಅತ್ತೆಯ ಪಾತ್ರಕ್ಕೆ ಬೆಂಗಳೂರಿನಿಂದ ಬಂದಿದ್ದ ನಟಿ ಎಡೆ ಇಟ್ಟು, ಧೂಪ ಹಾಕಿ, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಮುಚ್ಚಿ, ಒಮ್ಮೆ ಕೈಮುಗಿದು, ತಕ್ಷಣ ತೆಗೆದರು.

ನೋಡುತ್ತಿದ್ದ ಊರ ಹೆಂಗಸರಿಗೆ ನಗು ತಡೆಯಲಾಗಲಿಲ್ಲ. "ಅಯ್ ಬುಡವ್ವ! ಇಷ್ಟ್ ಬಿರ್ನೆ ತೆಗುದ್ರೆ ದೊಡ್ಡೋರು ತುತ್ತು ಗಂಟ್ಲುಗ್ ಸಿಕ್ಕುಸ್ಕೊಂಡು ಇನ್ನೊಂದ್ಸತಿ ಸಾಯ್ತಾರೆ!" ಎಂದಳು ಒಬ್ಬಳು. "ಮುದ್ದೆ ಮುರ್ಯಕ್ಕಾದ್ರೂ ಬುಡ್ರವ್ವ!" ಎಂದಳು ಇನ್ನೊಬ್ಬಳು.

ನಿಂಗಾಜಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ಮಾತ್ರ ನಗಲಿಲ್ಲ. ಬಾಗಿಲನ್ನೇ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಅಂದರು: "ನಮ್ಮತ್ತೆ ಆವತ್ತು ನಾನು ಬಸ್ಸತ್ತೋಗಂಟ ತೆಗೀನಿಲ್ಲ."

ಅಂದ ಮೇಲೆ ಬಾಯಿಗೆ ಸೆರಗು ಹಿಡಿದುಕೊಂಡರು. ಆ ಸೆರಗಿನಲ್ಲೇ ಮೈಕಿತ್ತು. ಬೆಳಿಗ್ಗೆ ಅವರ ಸಂದರ್ಶನ ತೆಗೆದವರು ಅದನ್ನು ಬಿಚ್ಚಿರಲಿಲ್ಲ. ಅಂಗಳದ ಆಚೆ ತುದಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಕಿರಣ್ ನಿಧಾನವಾಗಿ ತಲೆಯೆತ್ತಿ ನಮ್ಮ ಕಡೆ ನೋಡಿದ.

ಆಮೇಲೆ ಸುಳ್ಳು ಹೇಳಿ ಫಲವಿರಲಿಲ್ಲ. ವ್ಯಾನಿನೊಳಗೆ ಕೂತು, ಕಿಟಕಿ ಏರಿಸಿ, ನಿಂಗಾಜಮ್ಮ ನಿಜ ಹೇಳಿದರು. ಅಥವಾ ನಾಲ್ಕನೆಯ ಕತೆ ಹೇಳಿದರು. ನಾನದನ್ನು ನಂಬುತ್ತೇನೆ, ಅಷ್ಟೆ. ಆ ವರ್ಷದ ಎಡೆಯ ದಿನ ಬೆಳಿಗ್ಗೆ ಅತ್ತೆ ಚೌಡಮ್ಮ ಎಲ್ಲರಿಗೂ ಕೇಳುವಂತೆ ಬೈದರಂತೆ: "ಎಡೆ ದಿಸ್ವೇ ಮುಟ್ಟಾಗ್ಬೇಕಿತ್ತಾ ನಿಂಗೆ? ಓಗು, ಇತ್ಲಲ್ಲಿ ಬಿದ್ದಿರು." ನಿಂಗಾಜಮ್ಮ ಮುಟ್ಟಾಗಿರಲಿಲ್ಲ. ಅತ್ತೆಯ ಮುಖ ನೋಡಿದರು. ಅತ್ತೆ ಕಣ್ಣು ತಪ್ಪಿಸಿ, ಕಜ್ಜಾಯ ತಟ್ಟುತ್ತ ಕೂತರು. ಆ ಮನೆಯಲ್ಲಿ ಹಿತ್ತಲಿಗೆ ಹೋಗಲು ನಡುಮನೆ ದಾಟಬೇಕು. ನಡುಮನೆಯ ಬಾಗಿಲು ಮುಚ್ಚಿದರೆ, ಜಗಲಿಯಲ್ಲಿ ಕೂತ ಗಂಡ ಎದ್ದು ಬಂದು ನೋಡುವಂತಿಲ್ಲ. ಒಳಗೆ ಸತ್ತವರು ಉಣ್ಣುತ್ತಿರುತ್ತಾರೆ. ಹಿತ್ತಲ ಬೇಲಿ, ಬೇಲಿಯಾಚೆ ಕಬ್ಬಿನ ಗದ್ದೆ, ನಾಲೆ ಏರಿ, ರಸ್ತೆ, ಮದ್ದೂರಿನ ಬಸ್ಸು.

"ಒಂದ್ ಮಾತೂ ಆಡ್ಲಿಲ್ಲ ಕಣವ್ವ. ಓಗು ಅಂತಾನೂ ಅನ್ನಿಲ್ಲ. ಬರೀ ಬೈದ್ಲು."

ಕಿರಣ್‌ನ ಕಣ್ಣು ಹೊಳೆಯುತ್ತಿತ್ತು. ಹೊಳೆಯದೆ ಇನ್ನೇನು? ಒಳಗೆ ಸತ್ತವರ ಊಟ, ಹೊರಗೆ ಕಾಯುವ ಗಂಡ, ಹಿಂದಿನಿಂದ ಓಡುವ ಹೆಂಗಸು, ನಡುವೆ ಬಾಗಿಲಿಗೆ ಬೆನ್ನು ಕೊಟ್ಟ ಮುದುಕಿ. ನನ್ನ ತಲೆಯೊಳಗೂ ಆಗಲೇ ಮಾತುಗಳು ಏಳತೊಡಗಿದ್ದವು.

"ಇದೇ ಸೀನು. ಇದೇ ಕ್ಲೈಮ್ಯಾಕ್ಸು," ಎಂದ ಕಿರಣ್.

"ಅಂಗೆಲ್ಲ ಮಾಡಂಗಿಲ್ಲ," ಎಂದರು ನಿಂಗಾಜಮ್ಮ. "ಅತ್ತೆ ಬದುಕವ್ಳೆ. ಅವ್ನ ಮನೇಲೇ ಅವ್ಳೆ. ಅವ್ನು ಇಕ್ಕುದ್ರೆ ಉಣ್ಬೇಕು."

"ಸಿನಿಮಾ ಬರೋಕೆ ಇನ್ನೂ ಟೈಮಿದೆ ಅಮ್ಮ. ಅವರಿಗೂ ವಯಸ್ಸಾಗಿದೆ, ಅಷ್ಟೊತ್ತಿಗೆ…" ಕಿರಣ್ ವಾಕ್ಯ ಮುಗಿಸಲಿಲ್ಲ. ಅವನು ಕೆಟ್ಟವನಲ್ಲ. ಆದರೆ ಆ ಅರ್ಧ ವಾಕ್ಯ ವ್ಯಾನಿನೊಳಗೆ ಸೆಖೆಯ ಜೊತೆ ಕೂತುಬಿಟ್ಟಿತು.

"ಆ ಸೀನಿದ್ರೆ ನನ್ ದನಿ ಇಲ್ಲ."

"ಅಗ್ರಿಮೆಂಟ್ ಆಗಿದೆಯಲ್ಲಮ್ಮ. ಹಾಡುಗಳೆಲ್ಲ ನೀವೇ ಹಾಡ್ಬೇಕು ಅಂತ."

"ಅಂಗಾರೆ ಅಗ್ರಿಮೆಂಟ್ ಕೈಲೇ ಪದ ಏಳ್ಸ್ಕೊ ಓಗಪ್ಪ," ಅಂದು ವ್ಯಾನಿನಿಂದ ಇಳಿದುಬಿಟ್ಟರು.

ಕಿರಣ್ ನನ್ನ ಕಡೆ ತಿರುಗಿದ. "ನಿಮ್ಮನ್ನ ಆ ಮನೆಗೆ ಊಟಕ್ಕೆ ಕರ್ದಿದಾರಲ್ಲ. ಅಜ್ಜಿನೇ ಕೇಳಿ. ಅವರು ಬೇಡ ಅಂದ್ರೆ ಬಿಟ್ಬಿಡ್ತೀನಿ, ಪ್ರಾಮಿಸ್."

ಹೀಗೆ ಅಮಾವಾಸ್ಯೆಯ ಮಧ್ಯಾಹ್ನ ನಾನು ಆ ಮನೆಯ ಜಗಲಿಯ ಮೇಲೆ ಕೂತಿದ್ದೆ. ಆ ಮನೆಯೂ ಹಿಂದೊಮ್ಮೆ ಹಂಚಿನದೇ ಅಂತೆ. ಅವನು ಹಂಚು ತೆಗೆಸಿ ತಾರಸಿ ಹಾಕಿಸಿದ್ದ, ಬಾಗಿಲು ಮಾತ್ರ ಹಳೆಯದೇ. ಒಳಗೆ ಎಡೆ ಇಟ್ಟಾಗಿತ್ತು. ಚೌಡಮ್ಮ ಕೊನೆಯವರಾಗಿ ಹೊರಗೆ ಬಂದು, ಬಾಗಿಲು ಮುಂದಕ್ಕೆ ಎಳೆದು, ಹೊಸಿಲಿನೀಚೆ ಬಾಗಿಲಿಗೆ ಒರಗಿ ಕೂತರು. ಸಣ್ಣ ಮೈಯ ಹೆಂಗಸು. ಬಾಯಿ ತುಂಬ ಎಲೆಅಡಿಕೆ. ನೆಂಟರಿಷ್ಟರು ಬೇವಿನ ಮರದ ಕೆಳಗಿದ್ದರು. ಜಗಲಿಯ ಮೇಲೆ ನಾವು ಮೂವರೇ: ಅವನು, ಅವನ ತಾಯಿ, ನಾನು. ಮಳೆ ಬಂತೋ ಇಲ್ಲವೋ, ಮೊದಲೇ ಹೇಳಿದೆನಲ್ಲ, ಗೊತ್ತಿಲ್ಲ. ಬೆನ್ನು ಒದ್ದೆಯಾಗಿದ್ದದ್ದು ಗೊತ್ತಿದೆ.

"ಇಂಗೇಯ ಮೇಡಮ್ಮೋರೆ," ಎಂದ ಅವನು. "ಆ ವರ್ಸಾನೂ ಇಂಗೇ ಕೂತಿದ್ದೊ. ನಾನಿಲ್ಲಿ, ನಮ್ಮವ್ವ ಅಲ್ಲಿ. ಮದ್ದೂರ್ ಬಸ್ಸು ಆರ್ನ್ ಒಡ್ಕೊಂಡು ಓಯ್ತು. ಅದಾದ್ಮೇಲೆ ನಮ್ಮವ್ವ ಬಾಗ್ಲು ತೆಗುದ್ಲು. ಅಲ್ವೇನವ್ವಾ?"

ಅವನು ನನ್ನನ್ನೂ ನೋಡುತ್ತಿರಲಿಲ್ಲ, ತಾಯಿಯನ್ನೂ ನೋಡುತ್ತಿರಲಿಲ್ಲ. ರಸ್ತೆಯ ಕಡೆ ನೋಡುತ್ತಿದ್ದ.

ಚೌಡಮ್ಮ ಎದ್ದು ಜಗಲಿಯ ಅಂಚಿಗೆ ಹೋಗಿ ಉಗಿದು, ಬಾಯಿ ಒರೆಸಿಕೊಂಡು, ಮತ್ತೆ ಬಂದು ಬಾಗಿಲಿಗೇ ಒರಗಿದರು. "ದೊಡ್ಡೋರು ಉಣ್ಣೋವಾಗ ಬಸ್ಸಿನ್ ಟೇಮು ನೋಡೋ ಮಗ ನೀನೊಬ್ನೇ ಕಣ್ಲಾ. ನಿಮ್ಮಪ್ಪನ್ ಬಾಯಾಗೆ ಒಂದ್ ಅಲ್ಲೂ ಇರ್ಲಿಲ್ಲ. ಮೂಳೆ ಚೀಪೋಕೇ ಅರ್ದ ದಿಸ ಬೇಕಾಗಿತ್ತು. ನಾನೇನ್ ಮಾಡ್ಲಿ?"

ಮರದ ಕೆಳಗಿದ್ದವರು ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ. ಆ ತಡ ಎಷ್ಟು ಉದ್ದವಿತ್ತು ಎನ್ನುವುದನ್ನು ಯೋಚಿಸಿ ಯೋಚಿಸಿ ನಾನೇ ಅದನ್ನು ಉದ್ದ ಮಾಡಿರಬಹುದು.

ಅಷ್ಟರಲ್ಲಿ ಅವನ ಫೋನು ಬಂತು. ಎಲ್ಲಿಯೋ ಮೈಕ್ ಸೆಟ್ಟಿನ ವಿಷಯ. ಎದ್ದು ಬೀದಿಯವರೆಗೆ ಹೋದ. ಮಾತಾಡುತ್ತಲೇ ಒಮ್ಮೆ ಹಿಂತಿರುಗಿ ನಮ್ಮನ್ನು ನೋಡಿದ.

ಚೌಡಮ್ಮ ನನ್ನ ಮುಖ ನೋಡದೆ, ತುಟಿ ಅಲುಗಿಸಿದರೋ ಇಲ್ಲವೋ ಎಂಬಂತೆ ಕೇಳಿದರು: "ಚೆಂದಾಗವ್ಳಾ?"

"ಚೆನ್ನಾಗಿದ್ದಾರೆ ಅಜ್ಜಿ."

"ಪದ ಏಳ್ತಾವ್ಳಾ?"

"ಹೇಳ್ತಿದ್ದಾರೆ."

"ಊಂ."

ನನಗೆ ಸಮಯವಿರಲಿಲ್ಲ. ಕೇಳಿಯೇಬಿಟ್ಟೆ: "ಅಜ್ಜಿ, ಆವತ್ತು ಬೇಕಂತಲೇ ಬಾಗಿಲು ತೆಗೀಲಿಲ್ವಾ? ಸಿನಿಮಾದಲ್ಲಿ ಅದನ್ನ ತೋರಿಸ್ಬೇಕು ಅಂತಾರೆ."

"ದೊಡ್ಡೋರು ಉಣ್ತಿದ್ರು ಕಣವ್ವ. ನಾನ್ಯಾಕ್ ತೆಗೀಲಿ?" ಬೀದಿಯ ಕಡೆ ಒಮ್ಮೆ ನೋಡಿದರು. ಆಮೇಲೆ, "ನನ್ನೂ ಮಾಡವ್ರಾ ಅದ್ರಾಗೆ?"

"ಮಾಡಿದ್ದಾರೆ."

"ಎಂಗ್ ಮಾಡವ್ರೆ? ಒಳ್ಳೆವ್ಳೋ, ಕೆಟ್ಟೋಳೋ?"

"ಇನ್ನೂ ಬರೆದಿಲ್ಲ ಅಜ್ಜಿ."

"ಗಯ್ಯಾಳಿ ಮಾಡು," ಎಂದರು. "ಚೆಂದಾಗಿ ಗಯ್ಯಾಳಿ ಮಾಡು. ನೋಡ್ದೋರು ಒದೀಬೇಕು ಅನ್ನಂಗೆ. ಅಂಗ್ ಮಾಡುದ್ರೆ ನಾನು ಈ ಮನೇಲಿ ನೆಮ್ದಿಯಾಗಿರ್ತೀನಿ."

ಅವನು ವಾಪಸ್ಸು ಬರುತ್ತಿದ್ದ. ಚೌಡಮ್ಮ ಎದ್ದು, ಕೆಮ್ಮಿ, ಬಾಗಿಲು ತಟ್ಟಿ, "ಉಂಡ್ರಾ ಎಲ್ಲಾರೂ?" ಅಂತ ಒಳಗಿನವರನ್ನು ಕೇಳಿ ಬಾಗಿಲು ನೂಕಿದರು.

ಊಟ ಮಾಡಿದೆ. ಏನು ಉಂಡೆ ನೆನಪಿಲ್ಲ. ಹೊರಡುವಾಗ ಅವನು ಯೂನಿಟ್ಟಿನವರು ಕಳಿಸಿದ್ದ ಬೈಕಿನವರೆಗೂ ಬಂದ. "ಏನಂದ್ಲು ನಮ್ಮವ್ವ?"

"ಸೊಸೆಯನ್ನ ಬೈದರು," ಅಂದೆ.

"ಬೈತಾಳೆ," ಅಂದ. "ಈಗಲೂ ಬೈತಾಳೆ. ಯಾರಾರಾ ಇದ್ರೆ ಇನ್ನೂ ಜಾಸ್ತಿ."

ಕೊನೆಯ ಆ ಮಾತನ್ನು ಅವನು ಯಾಕೆ ಸೇರಿಸಿದ?

ಆದರೆ ಇಲ್ಲಿ ನಿಲ್ಲಬೇಕು. ಗಯ್ಯಾಳಿ ಮಾಡು ಎಂಬ ಮಾತು ಇಷ್ಟು ಚೆನ್ನಾಗಿರುವುದೇ ನನ್ನ ಕಷ್ಟ. ನಾನು ಸಂಭಾಷಣೆ ಬರೆಯುವವಳು. ಮುದುಕಿಯರ ಬಾಯಿಗೆ ಇಂಥ ಮಾತು ಇಡುವುದೇ ನನ್ನ ಹೊಟ್ಟೆಪಾಡು. ಚೌಡಮ್ಮ ಬರೀ "ನನ್ನ ಒಳ್ಳೆವ್ಳು ಮಾಡ್ಬ್ಯಾಡ" ಅಂದಿದ್ದರೇ? ಅಥವಾ ಏನೂ ಹೇಳದೆ ಬೀದಿಯ ಕಡೆ ಕಣ್ಣು ಹಾಯಿಸಿ ತಲೆ ಅಲ್ಲಾಡಿಸಿದ್ದರೇ, ಉಳಿದದ್ದನ್ನು ನಾನು ವ್ಯಾನಿಗೆ ಮರಳುವ ದಾರಿಯಲ್ಲಿ ಬರೆದುಕೊಂಡೆನೇ? ಎಷ್ಟೋ ಸಲ ಜಗ್ಗಿ ನೋಡಿದ್ದೇನೆ. ಮಾತು ಅಲ್ಲಾಡುವುದಿಲ್ಲ. ಅಷ್ಟು ಗಟ್ಟಿಯಾಗಿರುವುದರಿಂದಲೇ ನನಗೆ ಅದರ ಮೇಲೆ ಅನುಮಾನ. ಬೇಡ ಅಂದರು ಎನ್ನುವುದು ಮಾತ್ರ ಖಂಡಿತ.

ಕಿರಣ್ ಮಾತಿಗೆ ತಪ್ಪಲಿಲ್ಲ. ಕಬ್ಬಿನ ಲಾರಿಯ ಕತೆಯನ್ನೇ ತೆಗೆದುಕೊಂಡೆವು. ನಾನು ಕೂತು ಅತ್ತೆಯನ್ನು ಗಯ್ಯಾಳಿ ಮಾಡಿದೆ. ಸೊಸೆಯ ಅನ್ನದ ತಟ್ಟೆ ಒದೆಯುವ ಅತ್ತೆ, ಮಗನ ಕೈಗೆ ಸೌದೆ ಕೊಡುವ ಅತ್ತೆ. ಪುಟಗಳನ್ನು ಓದಿಸಿಕೊಂಡಾಗ ನಿಂಗಾಜಮ್ಮನ ಮುಖ ಕಪ್ಪಿಟ್ಟಿತು.

"ಯಾವ ಬಾಯಲ್ಲಿ ಬರ್ದೆ ಮಗ ಇದ? ನಮ್ಮತ್ತೆ ನನ್ ಮೇಲೆ ಒಂದಿನ ಕೈ ಎತ್ನಿಲ್ಲ."

"ಅವರೇ ಹೇಳಿದ್ದು," ಎಂದು ಜಗಲಿಯ ಮಾತನ್ನು ಹೇಳಿದೆ. ನಿಂಗಾಜಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಕೈ ತೆಗೆದಾಗ ಕಣ್ಣು ಒಣಗಿತ್ತು.

"ಅಂಗಾರೆ ಇದು ಸಾಲ್ದು," ಎಂದರು. "ಇನ್ನೂ ಕೆಟ್ಟೋಳ್ ಮಾಡು."

ಸಿನಿಮಾ ಬಂತು. ಮಂಡ್ಯದ ಥಿಯೇಟರಿನಲ್ಲಿ ನಾನೂ ನಿಂಗಾಜಮ್ಮನೂ ಅಕ್ಕಪಕ್ಕ ಕೂತು ನೋಡಿದೆವು. ಸುತ್ತ ಮಳವಳ್ಳಿ ಕಡೆಯವರೇ ಬಹಳ ಇದ್ದರು, ಅವನ ಊರಿನವರೂ ಇದ್ದರು. ಅತ್ತೆ ತಟ್ಟೆ ಒದ್ದಾಗ ಹೆಂಗಸರೆಲ್ಲ ಶಾಪ ಹಾಕತೊಡಗಿದರು. ನಿಂಗಾಜಮ್ಮ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಬಿಗಿಯಾಗುತ್ತ ಹೋಯಿತು. ಆಮೇಲೆ ಎದ್ದು ನಿಂತು, ಪೆಂಡಾಲಿನ ಕೊನೆಯ ಸಾಲಿನವರೆಗೂ ಮೈಕಿಲ್ಲದೆ ಮುಟ್ಟುವ ಆ ದನಿಯಲ್ಲಿ ಕೂಗಿದರು: "ಇವ್ಳೇ ಕಣ್ರವ್ವ ನನ್ ಬಾಳು ಆಳ್ ಮಾಡಿದ್ದು! ಇವ್ಳ್ ಮನೆ ಎಕ್ಕುಟ್ಟೋಗಾ!"

ಥಿಯೇಟರು ಚಪ್ಪಾಳೆ ಹೊಡೆಯಿತು. ಅವರು ಕೂತು, ಉಳಿದ ಸಿನಿಮಾವನ್ನು ಕಣ್ಣು ಮುಚ್ಚಿಕೊಂಡು ನೋಡಿದರು. ಮಣಿಕಟ್ಟಿನಲ್ಲಿ ಅವರ ಬಳೆಯ ಗುರುತು ಬಿದ್ದಿತ್ತು.

ಅವನೂ ನೋಡಿದನಂತೆ. ಮಳವಳ್ಳಿಗೆ ಸಿನಿಮಾ ಬಂದಾಗ ತಾಯಿಯನ್ನೂ ಕರೆದುಕೊಂಡು ಹೋಗಿದ್ದನಂತೆ. ಇಂಟರ್‌ವೆಲ್ಲಿನಲ್ಲಿ ಅವ್ವನಿಗೆ ಬೋಂಡ ಕೊಡಿಸಿದನಂತೆ. ಇದು ಆ ಊರಿನವರು ಹೇಳಿದ್ದು. ಆಮೇಲೆ ಇಬ್ಬರೂ ಬೈಕಿನಲ್ಲಿ ಮನೆಗೆ ಹೋದರು. ಅಲ್ಲಿಗೆ ಕೇಳಿದ ಸುದ್ದಿ ಮುಗಿಯುತ್ತದೆ.

ಹೋದ ಬೇಸಿಗೆಯಲ್ಲಿ ಚೌಡಮ್ಮ ತೀರಿಕೊಂಡರು. ವಯಸ್ಸಾಗಿತ್ತು ಅಂತಾರೆ. ಇದನ್ನು ಬರೆಯಲೇ ಎಂದು ನಿಂಗಾಜಮ್ಮನನ್ನು ಕೇಳಿದೆ. "ಬರಿ ಮಗ. ಇನ್ಯಾರ್ ಒಡ್ಸ್ಕೋಬೇಕು?" ಅಂದರು. ಫೋನು ಇಡುವ ಮುಂಚೆ, "ಅಲ್ಲ, ಪಿಚ್ಚರ್ ನೋಡ್ದ ಮೇಲೆ ಅವ್ನು ನಂಬುದ್ನಾ? ಅತ್ತೆಗೇನಾರಾ ಮಾಡುದ್ನಾ?" ಅಂತ ಕೇಳಿದರು. ಅವರಿಗೆ ನಾನು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನನಗೆ ಗೊತ್ತಿಲ್ಲ.